ಮನೆಯ ಎಲ್ಲ ಕಂಪ್ಯೂಟರ್‌ಗೂ ಒಂದೇ ಹಾಡಿನ ಭಂಡಾರ: ಯಕ್ಷಗಾನ ಕ್ಯಾಸೆಟ್ ಡಿಜಿಟಲ್ ಮಾಡಿದವರು ಹೇಗೆ ಇಟ್ಟಿದ್ದೀರಿ?

ಚೆಂಡೆಮದ್ದಳೆ, ಪರ್ಕಳ

ಎಲ್ಲರಿಗೂ ನಮಸ್ಕಾರ. ಅಪ್ಪನ ಯಕ್ಷಗಾನ, ತಾಳಮದ್ದಳೆ ಕ್ಯಾಸೆಟ್‌ಗಳನ್ನು ಡಿಜಿಟಲ್ ಮಾಡುವ ಕೆಲಸ ಅಂತೂ ಒಂದು ಹಂತಕ್ಕೆ ಬಂತು. ಬಯಲಾಟದ ರಂಗಸ್ಥಳದ ಪಕ್ಕ ಟೇಪ್ ರೆಕಾರ್ಡರ್ ಇಟ್ಟು ಹಿಡಿದದ್ದು ಉಂಟು, ಆಕಾಶವಾಣಿ ಮಂಗಳೂರಿನಿಂದ ಹಿಡಿದದ್ದು ಉಂಟು, ಅಂಗಡಿಯಲ್ಲಿ ಕೊಂಡದ್ದೂ ಉಂಟು. ಅದರ ಜೊತೆ ಅಮ್ಮನ ದಾಸರ ಪದ, ನನ್ನ ಹಳೆಯ ಸಿನಿಮಾ ಹಾಡು, ತಮ್ಮ ಸಿಡಿಯಿಂದ ತೆಗೆದಿಟ್ಟ ಹಿಂದೂಸ್ತಾನಿ. ಒಟ್ಟು 600 ಜಿಬಿ ಹತ್ತಿರ ಆಯ್ತು. ಹೆಚ್ಚಿನದ್ದು ಫ್ಲ್ಯಾಕ್ (ಗುಣಮಟ್ಟ ಕಳೆಯದೆ ಕುಗ್ಗಿಸಿದ ಫೈಲ್), ಸ್ವಲ್ಪ ಎಂಪಿ3.

ಈಗ ಎಲ್ಲವೂ ನನ್ನ ಕೋಣೆಯ ವಿಂಡೋಸ್ ಡೆಸ್ಕ್‌ಟಾಪ್‌ನಲ್ಲಿದೆ. ಅಪ್ಪ ಕೇಳುವುದು ಚಾವಡಿಯಲ್ಲಿರುವ ಹಳೆಯ ಕಂಪ್ಯೂಟರ್‌ನಲ್ಲಿ, ಒಳ್ಳೆಯ ಸ್ಪೀಕರ್ ಇರುವುದು ಅಲ್ಲೇ. ತಮ್ಮನದ್ದು ಮಹಡಿಯಲ್ಲಿ ಮ್ಯಾಕ್. ಅಮ್ಮನ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿದ್ದೇವೆ. ಯಾರಿಗೆ ಏನು ಬೇಕಾದರೂ ಪೆನ್‌ಡ್ರೈವ್ ಹಿಡಿದುಕೊಂಡು ನನ್ನ ಕೋಣೆಗೆ ಬರಬೇಕು. ಹೀಗೆ ಸಾಗಿಸಿ ಸಾಗಿಸಿ ಒಂದೇ ಪ್ರಸಂಗ ಮೂರು ಕಡೆ ಮೂರು ಹೆಸರಿನಲ್ಲಿ ಕೂತಿದೆ. ಯಾವುದು ಪೂರ್ತಿ, ಯಾವುದು ಅರ್ಧ ಎಂದು ಹೇಳುವುದು ಕಷ್ಟ.

ನನಗೆ ಬೇಕಾದದ್ದು ಇಷ್ಟು. ಹಾಡು ಒಂದು ಕಡೆ ಇರಬೇಕು, ಎಲ್ಲರೂ ಅವರವರ ಕಂಪ್ಯೂಟರ್‌ನಿಂದ ಕೇಳಬೇಕು. ಅಪ್ಪನಿಗೆ 74 ವರ್ಷ, ಪ್ರಸಂಗದ ಹೆಸರು ಕನ್ನಡದಲ್ಲೇ ಕಾಣಬೇಕು. ಮನೆ ಹಳೆಯದು, ಮುರಕಲ್ಲಿನ ದಪ್ಪ ಗೋಡೆ, ವೈಫೈ ಒಂದು ಕೋಣೆ ದಾಟುವಾಗಲೇ ಸುಸ್ತಾಗುತ್ತದೆ. ನಿಮ್ಮ ಮನೆಗಳಲ್ಲಿ ಹೇಗೆ ಮಾಡಿದ್ದೀರಿ, ಸ್ವಲ್ಪ ಬಿಡಿಸಿ ಹೇಳಿ.

ಬಿಜೈ ಕೇಳುಗ, ಮಂಗಳೂರು

ತುಂಬಾ ತಲೆ ಕೆಡಿಸಿಕೊಳ್ಳಬೇಡಿ ಮಾರಾಯ್ರೆ. ವಿಂಡೋಸ್‌ನಲ್ಲಿ ಆ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಶೇರಿಂಗ್ ಆನ್ ಮಾಡಿ. ನೆಟ್‌ವರ್ಕ್ 'ಪ್ರೈವೇಟ್' ಎಂದು ಇರಬೇಕು, 'ಪಬ್ಲಿಕ್' ಇದ್ದರೆ ಬೇರೆ ಕಂಪ್ಯೂಟರ್‌ಗೆ ಕಾಣುವುದಿಲ್ಲ. ಮ್ಯಾಕ್, ಲಿನಕ್ಸ್ ಎರಡೂ ಆ ಫೋಲ್ಡರನ್ನು ತೆರೆಯುತ್ತವೆ. ವಿಎಲ್‌ಸಿ ಹಾಕಿದರೆ ಮುಗಿಯಿತು. ನಮ್ಮ ಮನೆಯಲ್ಲಿ ಕೊಂಕಣಿ ಹಾಡು, ಇಗರ್ಜಿಯ ಗಾಯನ ಎಲ್ಲ ಹೀಗೇ ನಡೆಯುತ್ತದೆ.

ಹೋಮ್‌ಗ್ರೂಪ್ (ವಿಂಡೋಸ್‌ನ ಹಳೆಯ ಹಂಚುವ ಸೌಲಭ್ಯ) ಮಾಡಿ ಎಂದು ಯಾರಾದರೂ ಹೇಳಿದರೆ ಅದನ್ನು ಹುಡುಕುತ್ತಾ ಕೂರಬೇಡಿ. 2018ರಲ್ಲೇ ವಿಂಡೋಸ್ 10ರಿಂದ ಅದನ್ನು ತೆಗೆದಿದ್ದಾರೆ.

ಕಡಲಗಾಳಿ, ಮಲ್ಪೆ

ತಮ್ಮನ ಹತ್ತಿರ ಮ್ಯಾಕ್ ಇದೆ ಅಂದಿರಿ. ಐಟ್ಯೂನ್ಸ್‌ನ (ಮ್ಯಾಕ್‌ನಲ್ಲಿ 2019ರಿಂದ ಅದರ ಜಾಗದಲ್ಲಿ ಮ್ಯೂಸಿಕ್ ಆ್ಯಪ್) ಹೋಮ್ ಶೇರಿಂಗ್ ಆಗುವುದಿಲ್ಲವಾ? ಒಂದೇ ಆ್ಯಪಲ್ ಅಕೌಂಟ್ ಹಾಕಿದರೆ ಐದು ಕಂಪ್ಯೂಟರ್‌ವರೆಗೆ ಹಂಚಬಹುದು. ಒಂದೇ ವೈಫೈಯಲ್ಲಿರಬೇಕು ಅಷ್ಟೇ.

ಕರಿಕಲ್ಲು, ಕಾರ್ಕಳ

ಹೋಮ್ ಶೇರಿಂಗ್ ಇವರ ಮನೆಗೆ ಹೊಂದುವುದಿಲ್ಲ. ಲಿನಕ್ಸ್‌ಗೆ ಐಟ್ಯೂನ್ಸ್ ಇಲ್ಲ, ಹಾಗಾಗಿ ಅಮ್ಮ ಹೊರಗೆ ಉಳಿಯುತ್ತಾರೆ. ಇನ್ನೊಂದು, ಐಟ್ಯೂನ್ಸ್ ಫ್ಲ್ಯಾಕ್ ಫೈಲನ್ನು ತೆಗೆದುಕೊಳ್ಳುವುದೇ ಇಲ್ಲ. ಎಲ್ಲವನ್ನೂ ಆ್ಯಪಲ್ ಮಾಡಿದ ಎಎಲ್‌ಎಸಿ ಎಂಬ ಬಗೆಗೆ ಬದಲಿಸಬೇಕಾಗುತ್ತದೆ. ಎಲ್ಲರ ಮನೆಯಲ್ಲೂ ಆ್ಯಪಲ್ ಸಾಮಾನೇ ಇದ್ದರೆ ಅದು ಒಳ್ಳೆಯ ದಾರಿ.

ಚೆಂಡೆಮದ್ದಳೆಯವರೇ, ಯಾವ ಸಾಫ್ಟ್‌ವೇರ್ ಎನ್ನುವುದನ್ನು ಸ್ವಲ್ಪ ಬದಿಗಿಡಿ. ಮೊದಲು ಎರಡು ವಿಷಯ ಮನೆಯಲ್ಲಿ ಕೂತು ತೀರ್ಮಾನ ಮಾಡಿ. ಮೂಲ ಪ್ರತಿ ಎಲ್ಲಿರುತ್ತದೆ? ಅದಕ್ಕೆ ಕೈ ಹಾಕುವವರು ಯಾರು? ಮೂಲ ಒಂದೇ ಕಡೆ ಇರಲಿ. ಹೊಸದು ಸೇರಿಸುವುದು, ಹೆಸರು ತಿದ್ದುವುದು, ಅಳಿಸುವುದು ಒಬ್ಬರ ಕೈಯಲ್ಲಿರಲಿ. ಉಳಿದವರಿಗೆ ಓದುವ ಅನುಮತಿ ಮಾತ್ರ. ಇದು ಯಾರ ಮೇಲಿನ ಅಪನಂಬಿಕೆಯೂ ಅಲ್ಲ. ನಾಲ್ಕು ಕಂಪ್ಯೂಟರ್‌ನ ನಾಲ್ಕು ಪ್ಲೇಯರ್ ಒಂದೇ ಫೈಲಿನ ಟ್ಯಾಗ್ (ಫೈಲಿನೊಳಗೇ ಬರೆದಿಟ್ಟ ಹಾಡು, ಗಾಯಕರ ವಿವರ) ತಿದ್ದುತ್ತಾ ಹೋದರೆ ಯಾವುದು ಸರಿ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಕೆಲವು ಪ್ಲೇಯರ್‌ಗಳು ನಾವು ಕೇಳದೆಯೇ ಇಂಟರ್‌ನೆಟ್‌ನಿಂದ ಆಲ್ಬಮ್ ಹೆಸರು, ಚಿತ್ರ ತಂದು ಫೈಲಿಗೆ ಬರೆಯುತ್ತವೆ. ನಿಮ್ಮ ಅಪ್ಪ ಹಿಡಿದ ಬಯಲಾಟದ ಮೇಲೆ ಯಾವುದೋ ಊರಿನ ಆಲ್ಬಮ್ ಹೆಸರು ಕೂತರೆ ಆಮೇಲೆ ಹುಡುಕಿ ತೆಗೆಯುವುದು ದೊಡ್ಡ ಕೆಲಸ.

ಇದರ ಜೊತೆಗೇ ಬರುವ ಮಾತು: ಹಾಡಿನ ಫೈಲ್ ಹಂಚಿ, ಪ್ಲೇಯರ್‌ನ ಡೇಟಾಬೇಸ್ ಹಂಚಬೇಡಿ. ಐಟ್ಯೂನ್ಸ್, ಮ್ಯೂಸಿಕ್‌ಬೀ ಇಂಥವು ತಮ್ಮ ಪಟ್ಟಿಯನ್ನು ಬೇರೆಯೇ ಒಂದು ಫೈಲಿನಲ್ಲಿ ಇಡುತ್ತವೆ. ಒಬ್ಬನೇ ಬಳಸುತ್ತಾನೆ ಎಂದು ಎಣಿಸಿ ಮಾಡಿದ ಫೈಲ್ ಅದು. ಎರಡು ಕಂಪ್ಯೂಟರ್ ಒಟ್ಟಿಗೆ ತೆರೆದರೆ ಕೆಡುತ್ತದೆ. ಪ್ರತಿ ಕಂಪ್ಯೂಟರ್ ತನ್ನ ಪಟ್ಟಿಯನ್ನು ತಾನೇ ಮಾಡಿಕೊಳ್ಳಲಿ.

ಇನ್ನು ಎಲ್ಲಿ ಇಡುವುದು. ನಿಮ್ಮ ಡೆಸ್ಕ್‌ಟಾಪ್‌ನಲ್ಲೇ ಇಟ್ಟರೆ ಬಿಜೈಯವರು ಹೇಳಿದ ಹಾಗೆ ಇವತ್ತೇ ಶುರು ಮಾಡಬಹುದು. ಆದರೆ ಅಪ್ಪ ಬೆಳಿಗ್ಗೆ ಐದಕ್ಕೆ ಎದ್ದು ಕೇಳಬೇಕಾದರೆ ನಿಮ್ಮ ಕಂಪ್ಯೂಟರ್ ರಾತ್ರಿಯೂ ಓಡುತ್ತಿರಬೇಕು. ಡೆಸ್ಕ್‌ಟಾಪ್ ಸುಮ್ನೆ ಕೂತಾಗಲೂ 60 ವಾಟ್ ತಿಂದರೆ ತಿಂಗಳಿಗೆ 43 ಯೂನಿಟ್ ಆಗುತ್ತದೆ. ರಾಸ್ಪ್‌ಬೆರಿ ಪೈ ಥರದ ಸಣ್ಣ ಕಂಪ್ಯೂಟರ್ ಬೋರ್ಡ್‌ಗೆ 5 ವಾಟ್ ಲೆಕ್ಕ ಹಿಡಿದರೂ 4 ಯೂನಿಟ್ ದಾಟುವುದಿಲ್ಲ, ಡಿಸ್ಕ್‌ಗೆ ಇನ್ನು ಸ್ವಲ್ಪ ಸೇರಿಸಿ. ಪೈ 4ರಲ್ಲಿ ಗಿಗಾಬಿಟ್ ಈಥರ್ನೆಟ್, ಯುಎಸ್‌ಬಿ 3 ಎರಡೂ ಇವೆ. ಮನೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಬಿದ್ದಿದ್ದರೆ ಅದೂ ಆಗುತ್ತದೆ, ಕರೆಂಟ್ ಹೋದಾಗ ಅದರದ್ದೇ ಬ್ಯಾಟರಿ ಇರುತ್ತದಲ್ಲ.

ಅದರಲ್ಲಿ ಸಾಂಬಾ (ನೆಟ್‌ವರ್ಕ್‌ನಲ್ಲಿ ಫೋಲ್ಡರ್ ಹಂಚುವ ಸಾಫ್ಟ್‌ವೇರ್) ಹಾಕಿದರೆ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಫೋಲ್ಡರ್ ಕಾಣುತ್ತದೆ. ಅಪ್ಪ, ಅಮ್ಮನಿಗೆ ಫೋಲ್ಡರ್ ಹುಡುಕುವ ಕೆಲಸ ಬೇಡ ಎಂದಾದರೆ ಅದೇ ಪೆಟ್ಟಿಗೆಯಲ್ಲಿ ನ್ಯಾವಿಡ್ರೋಮ್ ಎಂಬ ಹಾಡಿನ ಸರ್ವರ್ ಹಾಕಿ. ಬ್ರೌಸರ್‌ನಲ್ಲಿ ತೆರೆಯುತ್ತದೆ, ಪ್ರತಿಯೊಬ್ಬರಿಗೂ ಬೇರೆ ಹೆಸರು, ಬೇರೆ ಪ್ಲೇಲಿಸ್ಟ್. ಸಬ್‌ಸಾನಿಕ್ ಎಂಬ ಹಾಡಿನ ಸರ್ವರ್‌ಗೆಂದು ಮಾಡಿದ ಆ್ಯಪ್‌ಗಳಿಂದ ಫೋನ್‌ನಲ್ಲೂ ಕೇಳಬಹುದು. ನನಗೆ ಅದರಲ್ಲಿ ತುಂಬಾ ಇಷ್ಟವಾದದ್ದು, ಅದು ಟ್ಯಾಗ್ ಓದುತ್ತದೆ ಅಷ್ಟೇ, ನಮ್ಮ ಫೈಲ್ ಮುಟ್ಟುವುದಿಲ್ಲ.

ಚೆಂಡೆಮದ್ದಳೆ, ಪರ್ಕಳ

ತುಂಬಾ ಉಪಕಾರ ಕರಿಕಲ್ಲು ಸರ್. ಬರೆಯುವ ಅಧಿಕಾರ ನನ್ನದು, ಸರಿ ತಪ್ಪು ಹೇಳುವ ಅಧಿಕಾರ ಅಪ್ಪನದ್ದು ಎಂದು ಮನೆಯಲ್ಲಿ ತೀರ್ಮಾನ ಆಯ್ತು. ತಮ್ಮನ ಹಳೆಯ ಲ್ಯಾಪ್‌ಟಾಪ್ ಇತ್ತು, ಅದಕ್ಕೇ ಸಾಂಬಾ ಹಾಕಿದೆ. ಚಾವಡಿಯಿಂದ ಚೆನ್ನಾಗಿ ಕೇಳುತ್ತದೆ. ಆದರೆ ಮಹಡಿಯ ಮ್ಯಾಕ್‌ಗೆ ಸರ್ವರ್ ಕಾಣುವುದೇ ಇಲ್ಲ. ಇಂಟರ್‌ನೆಟ್ ಮಾತ್ರ ಸರಿಯಾಗಿ ಬರುತ್ತದೆ. ಮಹಡಿಗೆ ಬೇರೆ ರೌಟರ್ ಹಾಕಿದ್ದೇವೆ, ಕೆಳಗಿನಿಂದ ವಯರ್ ಎಳೆದು.

ವೈರುಪೆಟ್ಟಿಗೆ, ಸುರತ್ಕಲ್

ತೊಂದರೆ ಆ ಎರಡನೇ ರೌಟರ್‌ನಲ್ಲೇ ಉಂಟು. ನಮ್ಮ ಕಡೆ ಮುರಕಲ್ಲಿನ ಮನೆಗಳಲ್ಲಿ ಇದನ್ನು ತುಂಬಾ ನೋಡಿದ್ದೇನೆ. ಮ್ಯಾಕ್‌ನ ಐಪಿ ಸಂಖ್ಯೆ (ನೆಟ್‌ವರ್ಕ್‌ನಲ್ಲಿ ಅದರ ವಿಳಾಸ) ನೋಡಿ. ಕೆಳಗೆ 192.168.1 ಎಂದು ಶುರುವಾಗಿ ಮೇಲೆ 192.168.0 ಎಂದು ಶುರುವಾದರೆ ನಿಮ್ಮ ಮನೆಯಲ್ಲಿ ಎರಡು ನೆಟ್‌ವರ್ಕ್ ಇವೆ ಎಂದು ಅರ್ಥ. ಸರ್ವರ್ 'ನಾನು ಇಲ್ಲಿದ್ದೇನೆ' ಎಂದು ಕೂಗುವ ಸಂದೇಶ ರೌಟರ್ ದಾಟುವುದಿಲ್ಲ. ಹಾಗಾಗಿ ಇಂಟರ್‌ನೆಟ್ ಬರುತ್ತದೆ, ಸರ್ವರ್ ಕಾಣುವುದಿಲ್ಲ. ಡಿಎಲ್‌ಎನ್‌ಎ (ಮನೆಯ ಟಿವಿ, ಪ್ಲೇಯರ್‌ಗಳಿಗೆ ಹಾಡು ಕಳಿಸುವ ಪದ್ಧತಿ) ಹಾಕಿದವರಿಗೂ ಇದೇ ಕಥೆ.

ಮೇಲಿನ ರೌಟರನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ (ಬೇರೆ ನೆಟ್‌ವರ್ಕ್ ಮಾಡದೆ ವೈಫೈ ಮಾತ್ರ ಕೊಡುವ ಮೋಡ್) ಹಾಕಿ. ಆ ಮೋಡ್ ಇಲ್ಲದ ಹಳೆಯ ಮಾದರಿಯಾದರೆ ಅದರ ಡಿಎಚ್‌ಸಿಪಿ (ಐಪಿ ಸಂಖ್ಯೆ ಹಂಚುವ ಕೆಲಸ) ಆಫ್ ಮಾಡಿ, ಕೆಳಗಿನ ರೌಟರ್‌ಗೆ ಇಲ್ಲದ ಐಪಿ ಕೊಡಿ, ಕೆಳಗಿನಿಂದ ಬಂದ ವಯರನ್ನು ವ್ಯಾನ್ ತೂತಿನಿಂದ ತೆಗೆದು ಲ್ಯಾನ್ ತೂತಿಗೆ ಹಾಕಿ. ಮನೆ ಪೂರ್ತಿ ಒಂದೇ ನೆಟ್‌ವರ್ಕ್ ಆಗುತ್ತದೆ. ಯಾರಾದರೂ ಗೆಸ್ಟ್ ವೈಫೈಯಲ್ಲಿದ್ದರೆ ಅವರಿಗೂ ಸರ್ವರ್ ಕಾಣುವುದಿಲ್ಲ, ಅದು ಬೇಕೆಂದೇ ಹಾಗೆ ಮಾಡಿದ್ದು.

ವೇಗದ ಬಗ್ಗೆ ಚಿಂತೆ ಬೇಡ. ಸಿಡಿ ಗುಣಮಟ್ಟದ ಶಬ್ದ ಏನೂ ಕುಗ್ಗಿಸದೆ ಇದ್ದರೂ ಸೆಕೆಂಡಿಗೆ 1.4 ಮೆಗಾಬಿಟ್. ಫ್ಲ್ಯಾಕ್ ಮಾಡಿದರೆ ಅದಕ್ಕಿಂತ ಕಮ್ಮಿ. ಹಳೆಯ 100 ಮೆಗಾಬಿಟ್ ವಯರ್‌ನಲ್ಲಿ ಮನೆಯವರೆಲ್ಲ ಒಟ್ಟಿಗೆ ಬೇರೆ ಬೇರೆ ಹಾಡು ಕೇಳಬಹುದು. ಮೊದಲ ಸಲ 600 ಜಿಬಿ ಕಾಪಿ ಮಾಡುವಾಗ ಮಾತ್ರ ಅದು ಸಾಲದು. 100 ಮೆಗಾಬಿಟ್‌ನಲ್ಲಿ 13 ಗಂಟೆಯ ಮೇಲೆ ಹೋಗುತ್ತದೆ. ಡಿಸ್ಕನ್ನು ನೇರ ಯುಎಸ್‌ಬಿಗೆ ಹಾಕಿ ಕಾಪಿ ಮಾಡಿ, ಆಮೇಲೆ ಸರ್ವರ್‌ಗೆ ಜೋಡಿಸಿ.

ವೈಫೈಯಲ್ಲೇ ಕೇಳುವವರು ದೂರದ ಕೋಣೆಯಲ್ಲಿ 2.4 ಗಿಗಾಹರ್ಟ್ಸ್ ಬಳಸಿ. 5 ಗಿಗಾಹರ್ಟ್ಸ್ ವೇಗ ಜಾಸ್ತಿ, ಆದರೆ ದಪ್ಪ ಗೋಡೆಯ ಎದುರು ಬೇಗ ಸೋಲುತ್ತದೆ. ಹಾಡಿಗೆ ಆ ವೇಗ ಬೇಕಾಗಿಲ್ಲ.

ಇನ್ನೊಂದು ಮಾತು. ಸಾಂಬಾದಲ್ಲಿ ಪಾಸ್‌ವರ್ಡ್ ಇಲ್ಲದ ಗೆಸ್ಟ್ ಪ್ರವೇಶ ಇಡಬೇಡಿ. ಹೊಸ ವಿಂಡೋಸ್ 11 ಪ್ರೊ ಅದನ್ನು ತಡೆಯುತ್ತದೆ. ಹೆಸರು, ಪಾಸ್‌ವರ್ಡ್ ಮಾಡಿ ಒಮ್ಮೆ ಹಾಕಿ ನೆನಪಿಟ್ಟುಕೊಳ್ಳಲು ಹೇಳಿ. ಫೋಲ್ಡರ್ ಹಂಚುವ ಹಳೆಯ ಪದ್ಧತಿಯಾದ ಎಸ್‌ಎಂಬಿ1 ಆನ್ ಮಾಡಿ ಎಂದು ಯಾರು ಹೇಳಿದರೂ ಕೇಳಬೇಡಿ. 2017ರಲ್ಲಿ ವನ್ನಾಕ್ರೈ ಎಂಬ ಸುಲಿಗೆ ವೈರಸ್ ಹರಡಿದ್ದು ಅದರಲ್ಲಿದ್ದ ತೂತಿನಿಂದ.

ಚೆಂಡೆಮದ್ದಳೆ, ಪರ್ಕಳ

ವಯರ್ ಲ್ಯಾನ್‌ಗೆ ಹಾಕಿ ಡಿಎಚ್‌ಸಿಪಿ ಆಫ್ ಮಾಡಿದೆ. ಮಹಡಿಯಲ್ಲಿ ತಕ್ಷಣ ಕಾಣಿಸಿತು! ನ್ಯಾವಿಡ್ರೋಮ್ ಕೂಡ ಓಡುತ್ತಿದೆ.

ಈಗ ಪಟ್ಟಿ ನೋಡಿ ಗಾಬರಿಯಾಯ್ತು. ಒಂದು ರಾತ್ರಿಯ ಆಟ ಐದಾರು ಆಲ್ಬಮ್ ಆಗಿ ಒಡೆದಿದೆ. ಕೆಲವು ಹೆಸರು ಓದಲಿಕ್ಕೇ ಆಗುವುದಿಲ್ಲ, ಇಂಗ್ಲಿಷ್ ಅಕ್ಷರದ ಮೇಲೆ ಚುಕ್ಕಿ, ಗೆರೆ ಬಿದ್ದ ಹಾಗೆ ಕಾಣುತ್ತದೆ. ಯಕ್ಷಗಾನಕ್ಕೆ ಟ್ಯಾಗ್ ಹೇಗೆ ಹಾಕಬೇಕು? ಆರ್ಟಿಸ್ಟ್ ಎಂದರೆ ಭಾಗವತರಾ, ಮೇಳವಾ, ವೇಷಧಾರಿಯಾ?

ಹಿಮ್ಮೇಳ, ಕಟೀಲು

ಈ ಪ್ರಶ್ನೆಗಾಗಿಯೇ ಕಾಯುತ್ತಿದ್ದೆ. ಸರ್ವರ್ ಯಾವುದಾದರೂ ಆಗಲಿ, ಟ್ಯಾಗ್ ಸರಿ ಇಲ್ಲದಿದ್ದರೆ ಇಟ್ಟ ಹಾಡು ಸಿಗುವುದಿಲ್ಲ. ಟ್ಯಾಗ್‌ನ ಕಾಲಂಗಳನ್ನು ಮಾಡಿದವರ ಕಣ್ಣ ಮುಂದೆ ಇದ್ದದ್ದು ಒಬ್ಬ ಗಾಯಕ, ಒಂದು ಆಲ್ಬಮ್, ಹತ್ತು ಹಾಡು. ನಮ್ಮ ಆಟ ಹಾಗಿಲ್ಲ. ಆದರೂ ಅವೇ ಕಾಲಂಗಳಲ್ಲಿ ಚೆನ್ನಾಗಿ ಕೂರಿಸಬಹುದು. ನಾನು ಮಾಡುವ ಕ್ರಮ ಹೇಳುತ್ತೇನೆ.

ಆಲ್ಬಮ್ ಕಾಲಂನಲ್ಲಿ ಪ್ರಸಂಗದ ಹೆಸರು, ಆಟ ಆದ ಊರು, ಗೊತ್ತಿದ್ದರೆ ಇಸವಿ. ಆಲ್ಬಮ್ ಆರ್ಟಿಸ್ಟ್ ಕಾಲಂನಲ್ಲಿ ಮೇಳ. ಆರ್ಟಿಸ್ಟ್ ಕಾಲಂನಲ್ಲಿ ಆ ಪದ್ಯ ಹಾಡಿದ ಭಾಗವತರು. ನಿಮ್ಮ ಆಲ್ಬಮ್ ಒಡೆದದ್ದು ಇಲ್ಲೇ. ರಾತ್ರಿ ಇಡೀ ಒಬ್ಬರೇ ಹಾಡುವುದಿಲ್ಲ ಅಲ್ವಾ? ಪೂರ್ವರಂಗಕ್ಕೆ ಸಂಗೀತಗಾರರು (ಕಿರಿಯ ಭಾಗವತರು) ಕೂರುತ್ತಾರೆ, ನಡುವೆ ಇನ್ನೊಬ್ಬರು, ರಾತ್ರಿ ಬೆಳೆದ ಮೇಲೆ ಮುಖ್ಯ ಭಾಗವತರು. ಆಲ್ಬಮ್ ಆರ್ಟಿಸ್ಟ್ ಖಾಲಿ ಇದ್ದರೆ ಸಾಫ್ಟ್‌ವೇರ್ ಭಾಗವತರು ಬದಲಾದ ಕಡೆಯೆಲ್ಲ ಬೇರೆ ಆಲ್ಬಮ್ ಎಂದು ತಿಳಿಯುತ್ತದೆ. ಎಲ್ಲ ತುಂಡಿಗೂ ಮೇಳದ ಹೆಸರು ಒಂದೇ ರೀತಿ ಹಾಕಿದರೆ ಆಟ ಒಟ್ಟಾಗುತ್ತದೆ. ಹವ್ಯಾಸಿ ಸಂಘದ ತಾಳಮದ್ದಳೆಯಾದರೆ ಅಲ್ಲಿ ಸಂಘದ ಹೆಸರು.

ಕಂಪೋಸರ್ ಕಾಲಂ ಪ್ರಸಂಗಕರ್ತನಿಗೆ. ಪಂಚವಟಿ ಇದ್ದರೆ ಪಾರ್ತಿಸುಬ್ಬ ಎಂದು ಹಾಕುತ್ತೇನೆ. ಆಮೇಲೆ ಪಾರ್ತಿಸುಬ್ಬ ಎಂದು ಹುಡುಕಿದರೆ ಅವನ ಪದ್ಯಗಳನ್ನು ಬೇರೆ ಬೇರೆ ಭಾಗವತರ ಬಾಯಲ್ಲಿ ಸಾಲಾಗಿ ಕೇಳಬಹುದು. ಈ ಸುಖಕ್ಕೆ ಇಷ್ಟು ಕಷ್ಟಪಟ್ಟರೂ ಸಾರ್ಥಕ ಎಂದು ನನಗೆ ಅನಿಸುತ್ತದೆ. ಜಾನ್ರ್ (ಪ್ರಕಾರ) ಕಾಲಂನಲ್ಲಿ ತೆಂಕುತಿಟ್ಟು, ಬಡಗುತಿಟ್ಟು, ತಾಳಮದ್ದಳೆ. ಡಿಸ್ಕ್ ನಂಬರ್ ಕಾಲಂನಲ್ಲಿ ಕ್ಯಾಸೆಟ್ ಸಂಖ್ಯೆ, ಟ್ರ್ಯಾಕ್ ನಂಬರ್‌ನಲ್ಲಿ ಪದ್ಯದ ಕ್ರಮ. 90 ನಿಮಿಷದ ಕ್ಯಾಸೆಟ್ 45 ನಿಮಿಷಕ್ಕೆ ಮಗುಚಿ ಹಾಕಬೇಕಿತ್ತಲ್ಲ, ಆ ಜಾಗದಲ್ಲಿ ಪದ್ಯ ತುಂಡಾಗಿರುತ್ತದೆ. ಅದನ್ನು ಕಮೆಂಟ್‌ನಲ್ಲಿ ಬರೆದಿಡಿ, ಇಲ್ಲದಿದ್ದರೆ ಮುಂದೆ ಕೇಳುವವರು ಫೈಲ್ ಕೆಟ್ಟಿದೆ ಎಂದು ತಿಳಿಯುತ್ತಾರೆ.

ಚೆಂಡೆ, ಮದ್ದಳೆಯವರ ಹೆಸರು ದಯವಿಟ್ಟು ಬಿಡಬೇಡಿ. ತಾಳಮದ್ದಳೆಯಲ್ಲಿ ಯಾರು ಯಾವ ಪಾತ್ರದ ಅರ್ಥ ಹೇಳಿದ್ದು ಎಂಬುದನ್ನೂ ಬಿಡಬೇಡಿ. ಕಮೆಂಟ್ ಕಾಲಂ ಉದ್ದ ಬರೆಯಲು ಬಿಡುತ್ತದೆ. ಕ್ಯಾಸೆಟ್ ಮೇಲಿನ ಚೀಟಿಯಲ್ಲಿ ಇದ್ದದ್ದನ್ನು ಇದ್ದ ಹಾಗೇ ಹಾಕಿ, ಚೀಟಿಯ ಫೋಟೋ ತೆಗೆದು ಆಲ್ಬಮ್ ಚಿತ್ರ ಮಾಡಿ. ನಿಮ್ಮ ಅಪ್ಪನ ಕೈಬರಹವೂ ಜೊತೆಗೆ ಉಳಿಯುತ್ತದೆ.

ಓದಲಾಗದ ಹೆಸರುಗಳು 'ನುಡಿ' ಅಥವಾ 'ಬರಹ' ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದು. ಆ ಫಾಂಟ್ ಹಾಕಿದ ಕಡೆ ಮಾತ್ರ ಕನ್ನಡ ಕಾಣುತ್ತಿತ್ತು. ಪ್ಲೇಯರ್‌ಗೆ ಅದು ಗೊತ್ತಾಗುವುದಿಲ್ಲ. ಆಸ್ಕಿಯಿಂದ ಯುನಿಕೋಡ್‌ಗೆ (ಎಲ್ಲ ಕಂಪ್ಯೂಟರ್‌ಗೂ ಅರ್ಥವಾಗುವ ಅಕ್ಷರ ಸಂಕೇತ) ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಹೆಸರುಗಳನ್ನು ಅದರಲ್ಲಿ ಹಾಕಿ ತೆಗೆದು ಎಂಪಿ3ಟ್ಯಾಗ್‌ನಲ್ಲಿ ಒಟ್ಟಿಗೆ ತಿದ್ದಿ. ಲಿನಕ್ಸ್‌ನಲ್ಲಾದರೆ ಕಿಡ್3 ಉಂಟು. ಎಂಪಿ3 ಫೈಲ್‌ಗಳಿಗೆ ಹಳೆಯ ಐಡಿ3ವಿ1 ಟ್ಯಾಗ್ ಇದ್ದರೆ ತೆಗೆದುಹಾಕಿ. ಅದರಲ್ಲಿ ಹೆಸರಿಗೆ 30 ಅಕ್ಷರ ಜಾಗ, ಕನ್ನಡಕ್ಕೆ ಜಾಗವೇ ಇಲ್ಲ. ಫ್ಲ್ಯಾಕ್‌ನ ಟ್ಯಾಗ್ ಮೊದಲಿನಿಂದಲೂ ಯುನಿಕೋಡ್, ಆ ತೊಂದರೆ ಇಲ್ಲ.

ಒಂದೇ ಹೆಸರನ್ನು ಒಂದೇ ರೀತಿ ಬರೆಯಿರಿ. 'ಕರ್ಣಪರ್ವ', 'ಕರ್ಣ ಪರ್ವ' ಎರಡೂ ಇದ್ದರೆ ಕಂಪ್ಯೂಟರ್‌ಗೆ ಅವು ಎರಡು ಪ್ರಸಂಗ. ಅರ್ಕಾವತ್ತು ಬರೆಯುವಾಗ ಕೆಲವು ಕೀಲಿಮಣೆಗಳು ಕಣ್ಣಿಗೆ ಕಾಣದ ಜೋಡಣೆ ಗುರುತು ಸೇರಿಸುತ್ತವೆ. ಸರಿಯಾಗಿ ಟೈಪ್ ಮಾಡಿದರೂ ಹುಡುಕಿದಾಗ ಸಿಗದಿದ್ದರೆ ಅದನ್ನು ನೋಡಿ. ನಾನು ಪ್ರಸಂಗ, ಮೇಳ, ಭಾಗವತರ ಹೆಸರುಗಳ ಒಂದು ಪಟ್ಟಿ ಇಟ್ಟು ಅಲ್ಲಿಂದಲೇ ಕಾಪಿ ಮಾಡುತ್ತೇನೆ.

ಬಿಜೈ ಕೇಳುಗ, ಮಂಗಳೂರು

ಹಿಮ್ಮೇಳದವರೇ, ನಿಮ್ಮ ಕ್ರಮ ಕೊಂಕಣಿಗೂ ಹೊಂದುತ್ತದೆ. ನಮ್ಮಲ್ಲಿ ಇನ್ನೊಂದು ಸಮಸ್ಯೆ. ಕೊಂಕಣಿ ಹಾಡಿನ ಹೆಸರು ಕೆಲವು ಕನ್ನಡ ಲಿಪಿಯಲ್ಲಿ, ಕೆಲವು ರೋಮನ್ ಲಿಪಿಯಲ್ಲಿ. ವಿಲ್ಫಿ ರೆಬಿಂಬಸ್ ಅವರ ಹಾಡುಗಳೇ ಎರಡು ಕಡೆ ಹಂಚಿಹೋಗಿವೆ. ಏನು ಮಾಡುವುದು?

ಹಿಮ್ಮೇಳ, ಕಟೀಲು

ಕಾಣುವ ಹೆಸರು ಒಂದೇ ಲಿಪಿಯಲ್ಲಿ ಇಡಿ, ನಿಮ್ಮ ಮನೆಯವರು ಓದುವ ಲಿಪಿಯಲ್ಲಿ. ಇನ್ನೊಂದು ಲಿಪಿಯದ್ದನ್ನು ಆರ್ಟಿಸ್ಟ್ ಸಾರ್ಟ್ ಕಾಲಂನಲ್ಲಿ ಹಾಕಿ. ಪಟ್ಟಿ ಅಕಾರಾದಿಯಲ್ಲಿ ಹೊಂದಿಸಲು ಅದು ಸಹಾಯ ಮಾಡುತ್ತದೆ.

ಕಡಲಗಾಳಿ, ಮಲ್ಪೆ

ಕೆಲಸ ನೋಡಿ ಸಂತೋಷ ಆಯ್ತು. ಆದರೂ ಕೇಳುತ್ತೇನೆ. ಇಷ್ಟೆಲ್ಲ ಯಾಕೆ ಬೇಕು? ನಾಲ್ಕೂ ಕಂಪ್ಯೂಟರ್‌ನಲ್ಲಿ ಒಂದೊಂದು ಪೂರ್ತಿ ಪ್ರತಿ ಇಟ್ಟು ಸಿಂಕ್‌ಥಿಂಗ್ (ಪ್ರತಿಗಳನ್ನು ತಾನೇ ಒಂದೇ ರೀತಿ ಇಡುವ ಸಾಫ್ಟ್‌ವೇರ್) ಹಾಕಿದರೆ ಸರ್ವರ್ ಬೇಡ, ನೆಟ್‌ವರ್ಕ್ ಹೋದರೂ ಹಾಡು ನಿಲ್ಲುವುದಿಲ್ಲ. ನನ್ನ ಪ್ರಕಾರ ಅಪ್ಪನಿಗೆ ಅದೇ ಸುಲಭ. ಸಿನಿಮಾ ಹಾಡನ್ನಂತೂ ಮನೆಯಲ್ಲಿ ಇಡುವ ಅಗತ್ಯವೇ ಇಲ್ಲ, ಆ್ಯಪ್‌ಗಳಲ್ಲಿ ಸಿಗುತ್ತದೆ.

ಕರಿಕಲ್ಲು, ಕಾರ್ಕಳ

ಸಿನಿಮಾ ಹಾಡಿನ ಮಾತು ಒಪ್ಪುತ್ತೇನೆ. ಆದರೆ ಇವರ ಅಪ್ಪ ಗದ್ದೆಯಲ್ಲಿ ಕೂತು ಹಿಡಿದ ಆಟ ಯಾವ ಆ್ಯಪ್‌ನಲ್ಲೂ ಇಲ್ಲ. ಅದರ ಪ್ರತಿ ಇರುವುದು ಆ ಮನೆಯಲ್ಲಿ ಮಾತ್ರ.

ಸಿಂಕ್‌ಥಿಂಗ್ ಒಳ್ಳೆಯದೇ. ಆದರೆ ಎಲ್ಲ ಕಡೆ ಎರಡೂ ದಿಕ್ಕಿನ ಹೊಂದಾಣಿಕೆ ಇಟ್ಟರೆ ಒಂದು ಕಡೆ ಅಳಿಸಿದ್ದು ನಾಲ್ಕೂ ಕಡೆ ಅಳಿಯುತ್ತದೆ. ಮಾಡುವುದಾದರೆ ಮೂಲದ ಕಂಪ್ಯೂಟರ್‌ನಲ್ಲಿ 'ಸೆಂಡ್ ಓನ್ಲಿ', ಉಳಿದ ಕಡೆ 'ರಿಸೀವ್ ಓನ್ಲಿ' ಹಾಕಿ, ಫೈಲ್ ವರ್ಷನಿಂಗ್ ಆನ್ ಮಾಡಿ. ಆಗ ಅಳಿಸಿದ್ದರ ಹಳೆಯ ಪ್ರತಿ ಪಕ್ಕದಲ್ಲಿ ಉಳಿಯುತ್ತದೆ. ಚಾವಡಿಯ ಕಂಪ್ಯೂಟರ್‌ಗೆ ಮಾತ್ರ ಹೀಗೆ ಒಂದು ಪ್ರತಿ ಕೊಟ್ಟರೆ ಅಪ್ಪನಿಗೆ ನೀವು ಹೇಳುವ ಅನುಕೂಲವೂ ಸಿಗುತ್ತದೆ.

ಕಡಲಗಾಳಿ, ಮಲ್ಪೆ

ರಿಸೀವ್ ಓನ್ಲಿ ಸರಿ. ಆದರೆ ನಾಲ್ಕೂ ಕಡೆ ಪ್ರತಿ ಇರುವುದೇ ಒಳ್ಳೆಯದು ಎಂದು ನಾನು ಈಗಲೂ ಹೇಳುತ್ತೇನೆ. ನಮ್ಮ ಕಡಲ ಬದಿಯ ಉಪ್ಪುಗಾಳಿಗೆ ಯಾವ ಡಿಸ್ಕ್ ಯಾವಾಗ ಹೋಗುತ್ತದೆ ಎಂದು ಹೇಳಲು ಬರುವುದಿಲ್ಲ.

ವೈರುಪೆಟ್ಟಿಗೆ, ಸುರತ್ಕಲ್

ಡಿಸ್ಕ್ ಹೋಗುವ ಮಾತು ಬಂತಲ್ಲ, ಸಿಡಿಲಿನ ಬಗ್ಗೆಯೂ ಹೇಳಬೇಕು. ನಮ್ಮಲ್ಲಿ ಏಪ್ರಿಲ್, ಮೇ ಮತ್ತೆ ಅಕ್ಟೋಬರ್‌ನಲ್ಲಿ ಸಂಜೆ ಗುಡುಗು ಶುರುವಾದರೆ ಪ್ಲಗ್ ಕೀಳುವುದು ಎಲ್ಲರಿಗೂ ಗೊತ್ತು. ಈಥರ್ನೆಟ್ ವಯರ್ ಕೀಳುವುದನ್ನು ಹೆಚ್ಚಿನವರು ಬಿಡುತ್ತಾರೆ. ಫೈಬರ್ ಬಂದ ಮೇಲೆ ಭಯ ಇಲ್ಲ ಎಂದು ಕೆಲವರು ಹೇಳುತ್ತಾರೆ. ಫೈಬರ್‌ನ ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ, ನಿಜ. ಆದರೆ ಫೈಬರ್ ಬಂದು ಸೇರುವ ಪೆಟ್ಟಿಗೆಗೆ ಕರೆಂಟ್ ವಯರ್ ಇದೆ, ಅಲ್ಲಿಂದ ರೌಟರ್, ಅಲ್ಲಿಂದ ನಿಮ್ಮ ಸರ್ವರ್‌ವರೆಗೆ ತಾಮ್ರವೇ. ಎರಡನ್ನೂ ಕೀಳಿ. ಕೊಟ್ಟಿಗೆಗೋ ಔಟ್‌ಹೌಸ್‌ಗೋ ಹೊರಗಿನಿಂದ ತಾಮ್ರದ ವಯರ್ ಎಳೆದಿದ್ದರೆ ಅದು ಇನ್ನೂ ಅಪಾಯ. ಅಲ್ಲಿಗೆ ಫೈಬರ್ ಅಥವಾ ವೈಫೈ ಬಳಸಿ.

ಇನ್ವರ್ಟರ್ ಇದ್ದರೆ ಸರ್ವರನ್ನೂ ರೌಟರನ್ನೂ ಅದಕ್ಕೇ ಹಾಕಿ. ಡಿಸ್ಕ್ ಬರೆಯುತ್ತಿರುವಾಗ ಕರೆಂಟ್ ಹೋದರೆ ಫೈಲ್ ವ್ಯವಸ್ಥೆ ಕೆಡಬಹುದು. ಇನ್ವರ್ಟರ್ ಬದಲಾಗುವ ಕ್ಷಣಕ್ಕೆ ಪೈ ರೀಸ್ಟಾರ್ಟ್ ಆಗುವುದಿದ್ದರೆ ಮಧ್ಯೆ ಸಣ್ಣ ಯುಪಿಎಸ್ ಬೇಕು. ನೀವು ಲ್ಯಾಪ್‌ಟಾಪ್ ಇಟ್ಟಿದ್ದೀರಿ, ಚಿಂತೆ ಇಲ್ಲ.

ಬ್ಯಾಕಪ್ ಡಿಸ್ಕನ್ನು ಯಾವಾಗಲೂ ಕಂಪ್ಯೂಟರ್‌ನಿಂದ ಬಿಚ್ಚಿಟ್ಟಿರಿ. ಮೂಲದ ಹೊರತು ಇನ್ನೂ ಎರಡು ಪ್ರತಿ ಮಾಡಿ, ಅದರಲ್ಲಿ ಒಂದು ಬೇರೆ ಮನೆಯಲ್ಲಿ ಇರಲಿ. ಅಕ್ಕನ ಮನೆ, ಮಾವನ ಮನೆ, ಎಲ್ಲಾದರೂ ಸರಿ. ಮಳೆಗಾಲದಲ್ಲಿ ಕಪಾಟಿನಲ್ಲಿಟ್ಟ ಕ್ಯಾಸೆಟ್‌ಗೆ ಬೂಸಲು ಬಂದದ್ದು ನೋಡಿದವರು ನಾವು. ಡಿಸ್ಕನ್ನೂ ಗಾಳಿ ಆಡದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಚೀಲದ ಜೊತೆ ಇಡಿ.

ಚೆಂಡೆಮದ್ದಳೆ, ಪರ್ಕಳ

ಒಂದು ವಿಚಿತ್ರ ತೊಂದರೆ. ವಿಂಡೋಸ್‌ನಿಂದ ಲಿನಕ್ಸ್ ಸರ್ವರ್‌ಗೆ ಕಾಪಿ ಮಾಡುವಾಗ ಕೆಲವು ಫೈಲ್ ಮಾತ್ರ ಹೋಗುವುದಿಲ್ಲ, ಹೆಸರು ಉದ್ದ ಆಯ್ತು ಎನ್ನುತ್ತದೆ. ಆದರೆ ನೋಡಿದರೆ ನೂರು ಅಕ್ಷರವೂ ಇಲ್ಲ. ಇಂಗ್ಲಿಷ್ ಹೆಸರಿನ ಇದಕ್ಕಿಂತ ಉದ್ದದ ಫೈಲ್‌ಗಳು ಸಲೀಸಾಗಿ ಹೋಗುತ್ತವೆ.

ಕರಿಕಲ್ಲು, ಕಾರ್ಕಳ

ಕನ್ನಡದಲ್ಲಿ ಹೆಸರು ಇಡುವವರೆಲ್ಲ ತಿಳಿದಿರಬೇಕಾದ ವಿಷಯ ಇದು. ವಿಂಡೋಸ್‌ನ ಎನ್‌ಟಿಎಫ್‌ಎಸ್ (ಡಿಸ್ಕ್‌ನಲ್ಲಿ ಫೈಲ್ ಇಡುವ ವ್ಯವಸ್ಥೆ) ಒಂದು ಹೆಸರಿಗೆ 255 ಸಂಕೇತ ಬಿಡುತ್ತದೆ. ಲಿನಕ್ಸ್‌ನ ಎಕ್ಸ್‌ಟಿ4 ಬಿಡುವುದು 255 ಬೈಟ್. ಯುನಿಕೋಡ್ ಅಕ್ಷರಗಳನ್ನು ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಪ್ರತಿ ಸಂಕೇತಕ್ಕೆ ಮೂರು. ಅದೂ ನಮ್ಮ ಕಣ್ಣಿಗೆ ಒಂದು ಎಂದು ಕಾಣುವ ಅಕ್ಷರದೊಳಗೆ ಹಲವು ಸಂಕೇತ ಇರುತ್ತವೆ. 'ಶ್ರೀ' ಎಂದು ಬರೆದರೆ ಶ, ವಿರಾಮ, ರ, ದೀರ್ಘ ಈ ಎಂದು ನಾಲ್ಕು, ಅಂದರೆ 12 ಬೈಟ್. ಒಟ್ಟು 85 ಸಂಕೇತಕ್ಕೆ ಜಾಗ ಮುಗಿಯುತ್ತದೆ.

ಹಾಗಾಗಿ ಎಲ್ಲ ವಿವರ ಫೈಲ್ ಹೆಸರಿಗೆ ತುಂಬಬೇಡಿ. ಪ್ರಸಂಗದ ಹೆಸರಿನ ಫೋಲ್ಡರ್, ಒಳಗೆ ಕ್ಯಾಸೆಟ್ ಸಂಖ್ಯೆ, ಪದ್ಯದ ಸಂಖ್ಯೆ, ಪದ್ಯದ ಮೊದಲ ಎರಡು ಪದ. ಉಳಿದದ್ದಕ್ಕೆ ಟ್ಯಾಗ್ ಇದೆಯಲ್ಲ, ಅಲ್ಲಿ ಈ ಮಿತಿ ಇಲ್ಲ. ಸಂಖ್ಯೆ 01, 02 ಎಂದೇ ಹಾಕಿ, ಇಲ್ಲದಿದ್ದರೆ ಕೆಲವು ಪ್ಲೇಯರ್‌ಗಳಲ್ಲಿ 1ರ ಬೆನ್ನಿಗೆ 10 ಬರುತ್ತದೆ. ಪ್ರಶ್ನಾರ್ಥಕ ಚಿಹ್ನೆ, ಕೋಲನ್ ಹೆಸರಿನಲ್ಲಿ ಬೇಡ, ವಿಂಡೋಸ್ ಒಪ್ಪುವುದಿಲ್ಲ.

ಹಳೆಟೇಪು, ಕುಂದಾಪುರ

ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ಎರಡು ಮಾತು ಸೇರಿಸುತ್ತೇನೆ.

ಮೊದಲನೆಯದು, ಪದ್ಯ ಪದ್ಯ ಬೇರೆ ಮಾಡಿದ್ದನ್ನು ಎಂಪಿ3 ಮಾಡಬೇಡಿ. ಎಂಪಿ3 ಪ್ರತಿ ತುಂಡಿನ ಆದಿಗೆ, ಕೊನೆಗೆ ಸ್ವಲ್ಪ ಮೌನ ಸೇರಿಸುತ್ತದೆ. ಅದನ್ನು ಸರಿದೂಗಿಸದ ಪ್ಲೇಯರ್‌ನಲ್ಲಿ ಏರುಪದ್ಯದ ಮಧ್ಯೆ ತಾಳ ಕಡಿದ ಹಾಗೆ ಕೇಳುತ್ತದೆ. ಫ್ಲ್ಯಾಕ್‌ನಲ್ಲಿ ಆ ಮೌನ ಇಲ್ಲ. ಶಬ್ದ ತಿದ್ದುವ ಸಾಫ್ಟ್‌ವೇರ್ ಅಡಾಸಿಟಿಯಲ್ಲಿ ಪದ್ಯ ಬದಲಾಗುವ ಕಡೆ ಲೇಬಲ್ ಹಾಕಿ, ಲೇಬಲ್ ಪ್ರಕಾರ ಒಟ್ಟಿಗೆ ಎಕ್ಸ್‌ಪೋರ್ಟ್ ಮಾಡಬಹುದು. ತುಂಡು ಮಾಡದ, ಸದ್ದು ತೆಗೆಯದ ಮೂಲವನ್ನು ಬೇರೆ ಫೋಲ್ಡರ್‌ನಲ್ಲಿ ಉಳಿಸಿ. ಟೇಪಿನ ಸೊಂಯ್ ಸದ್ದು ತೆಗೆಯಲು ಹೋದರೆ ಚಕ್ರತಾಳದ ನಾದವೂ ಸ್ವಲ್ಪ ಹೋಗುತ್ತದೆ. ಮುಂದೆ ಇದಕ್ಕಿಂತ ಒಳ್ಳೆಯ ಉಪಾಯ ಬಂದಾಗ ಮೂಲ ಬೇಕಾಗುತ್ತದೆ.

ಎರಡನೆಯದು ಕಾನೂನು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಖಾಸಗಿ, ಸ್ವಂತ ಬಳಕೆಗೆ ನ್ಯಾಯವಾದ ಅವಕಾಶ ಕೊಡುತ್ತದೆ. ಮನೆಯೊಳಗೆ ಕೇಳುವುದು ಬೇರೆ, ಇಂಟರ್‌ನೆಟ್‌ಗೆ ಏರಿಸುವುದು ಬೇರೆ. ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷ ಇರುತ್ತದೆ. ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷದ ಹಕ್ಕು ಬೇರೆಯೇ ಇದೆ. ಬಯಲಾಟ ನಾವೇ ಹಿಡಿದದ್ದು ಎಂದ ಮಾತ್ರಕ್ಕೆ ಎಲ್ಲರಿಗೂ ಹಂಚುವ ಹಕ್ಕು ನಮಗೆ ಬರುವುದಿಲ್ಲ. ಹಾಡಿದವರನ್ನು, ಅವರ ಮನೆಯವರನ್ನು ಕೇಳಿ. ನಾನು ಕೇಳಿದ ಕಡೆಯೆಲ್ಲ ಪ್ರೀತಿಯಿಂದಲೇ ಮಾತಾಡಿದ್ದಾರೆ, ಒಂದು ಪ್ರತಿ ಕೊಟ್ಟರೆ ಅವರಿಗೂ ಖುಷಿ.

ಚೆಂಡೆಮದ್ದಳೆ, ಪರ್ಕಳ

ಎಲ್ಲರಿಗೂ ಕೃತಜ್ಞತೆ. ಹೆಸರು ಚಿಕ್ಕದು ಮಾಡಿದೆ, ಎಲ್ಲ ಕಾಪಿ ಆಯ್ತು. ಚಾವಡಿಗೆ ಸಿಂಕ್‌ಥಿಂಗ್‌ನಿಂದ ರಿಸೀವ್ ಓನ್ಲಿ ಪ್ರತಿ, ಉಳಿದವರಿಗೆ ನ್ಯಾವಿಡ್ರೋಮ್. ಬ್ಯಾಕಪ್ ಡಿಸ್ಕ್ ಒಂದು ಮಾವನ ಮನೆಗೆ ಹೋಯಿತು. ಅಪ್ಪ ದಿನಾ ಸಂಜೆ ನನ್ನ ಪಕ್ಕ ಕೂತು ಒಂದೊಂದು ಆಟದ ಭಾಗವತರು, ಮದ್ದಳೆಯವರ ಹೆಸರು ಹೇಳುತ್ತಾರೆ, ನಾನು ಟೈಪ್ ಮಾಡುತ್ತೇನೆ. ಚೀಟಿಯಲ್ಲಿ ಇಲ್ಲದ ಹೆಸರನ್ನೂ ಪೆಟ್ಟು ಕೇಳಿಯೇ ಗುರುತಿಸುತ್ತಾರೆ.

ಬೆಂಗಳೂರಿನಲ್ಲಿರುವ ತಂಗಿ ತನಗೂ ಬೇಕು ಎನ್ನುತ್ತಾಳೆ. ರೌಟರ್‌ನಲ್ಲಿ ಪೋರ್ಟ್ ತೆರೆದು ಕೊಡಬಹುದಾ? ಮತ್ತೆ, ಇಸವಿ ಗೊತ್ತಿಲ್ಲದ ಆಟಗಳು ತುಂಬಾ ಉಂಟು, ಒಂದೇ ಪ್ರಸಂಗ ಒಂದೇ ಮೇಳದ್ದು. ಬೇರೆ ಬೇರೆ ಎಂದು ತೋರಿಸುವುದು ಹೇಗೆ?

ವೈರುಪೆಟ್ಟಿಗೆ, ಸುರತ್ಕಲ್

ಪೋರ್ಟ್ ತೆರೆಯಬೇಡಿ. ನಮ್ಮಲ್ಲಿ ಹೆಚ್ಚಿನ ಮನೆ ಸಂಪರ್ಕಗಳಿಗೆ ಸ್ವಂತ ಹೊರಗಿನ ಐಪಿ ಇರುವುದಿಲ್ಲ, ತೆರೆದರೂ ಕೆಲಸ ಆಗುವುದು ಕಮ್ಮಿ. ಆ ಐಪಿ ಇರುವ ಮನೆಯಾದರೆ ಇಡೀ ಜಗತ್ತಿಗೆ ಬಾಗಿಲು ಕಾಣುತ್ತದೆ. ವಯರ್‌ಗಾರ್ಡ್ ಅಥವಾ ಟೇಲ್‌ಸ್ಕೇಲ್ (ದೂರದಿಂದ ಸುರಕ್ಷಿತವಾಗಿ ಜೋಡಿಸುವ ಸಾಫ್ಟ್‌ವೇರ್) ಹಾಕಿ ತಂಗಿಯ ಫೋನನ್ನು ಮನೆಯ ನೆಟ್‌ವರ್ಕ್‌ಗೆ ಸೇರಿಸಿ. ಹೊರಗಿನ ಐಪಿ ಇಲ್ಲದ ಮನೆಗೆ ಟೇಲ್‌ಸ್ಕೇಲ್ ಸುಲಭ. ಮೊಬೈಲ್ ಡೇಟಾದಲ್ಲಿ ಕೇಳುವುದಾದರೆ ನ್ಯಾವಿಡ್ರೋಮ್‌ನಲ್ಲಿ ಅವರ ಪ್ಲೇಯರ್‌ಗೆ ಬಿಟ್‌ರೇಟ್ (ಸೆಕೆಂಡಿಗೆ ಹೋಗುವ ಡೇಟಾ) ಮಿತಿ ಹಾಕಿ. ಕಳಿಸುವಾಗ ಮಾತ್ರ ಕುಗ್ಗಿಸುತ್ತದೆ, ಮೂಲ ಹಾಗೇ ಇರುತ್ತದೆ.

ಹಿಮ್ಮೇಳ, ಕಟೀಲು

ಇಸವಿ ಗೊತ್ತಿಲ್ಲದಿದ್ದರೆ ಆ ಕಾಲಂ ಖಾಲಿ ಬಿಡಿ. ಅಂದಾಜಿನ ಇಸವಿ ಹಾಕಿದರೆ ಹತ್ತು ವರ್ಷ ಬಿಟ್ಟು ನೋಡುವವರು ಅದನ್ನೇ ನಿಜ ಎಂದು ತಿಳಿಯುತ್ತಾರೆ. ಆಲ್ಬಮ್ ಹೆಸರಿನಲ್ಲಿ ಊರು ಹಾಕಿ. ಊರೂ ಗೊತ್ತಿಲ್ಲದಿದ್ದರೆ ಅಪ್ಪನ ಕ್ಯಾಸೆಟ್ ಸಂಖ್ಯೆ ಹಾಕಿ. ಅಪ್ಪ 'ಅಮ್ಮ ಗರ್ಭಿಣಿ ಇದ್ದಾಗ', 'ಆ ದೊಡ್ಡ ಮಳೆಯ ವರ್ಷ' ಎಂದೆಲ್ಲ ಹೇಳಿದರೆ ಅದನ್ನು ಅವರ ಮಾತಿನಲ್ಲೇ ಕಮೆಂಟ್‌ಗೆ ಹಾಕಿ. ಮುಂದೆ ಬೇರೆ ಯಾರದ್ದಾದರೂ ಕ್ಯಾಸೆಟ್ ಜೊತೆ ಹೋಲಿಸಿ ಇಸವಿ ಹಿಡಿಯಬಹುದು.

ಚೆಂಡೆಮದ್ದಳೆ, ಪರ್ಕಳ

ಸರಿ, ಖಾಲಿ ಬಿಡುತ್ತೇನೆ. ಕ್ಯಾಸೆಟ್ ಸಂಖ್ಯೆ ಅಪ್ಪ ಮೊದಲೇ ಹಾಕಿದ್ದಾರೆ, ಅದನ್ನೇ ಬಳಸುತ್ತೇನೆ. ತಂಗಿಗೆ ಟೇಲ್‌ಸ್ಕೇಲ್ ಹಾಕಿ ಕೊಟ್ಟ ಮೇಲೆ ಹೇಗೆ ಕೇಳುತ್ತದೆ ಎಂದು ಇಲ್ಲೇ ತಿಳಿಸುತ್ತೇನೆ.